ಶೇಡ್ ನೋಡುವ ಕಣ್ಣು

...ಇಲ್ಲ ಇಲ್ಲ, ಅದನ್ನ ಹೊಡೆದುಹಾಕು ಸುಶೀಲಾ! ‘ಕಷ್ಟಪಟ್ಟು ಕೆಲಸ ಮಾಡ್ತಾನೆ’ ಅಂತೆ! ಕತ್ತೇನೂ ಮಾಡುತ್ತೆ. ಕ್ವಾಲಿಟಿ ಮ್ಯಾನೇಜರ್ ಆಗೋನ ಫಾರಂ ಇದು. ನಿಮ್ಮ ಬಲ ಏನು ಅಂತ ಕೇಳಿದ್ದಾರಲ್ಲ... ಬರಿ, ‘ಪುರಂದರನ ಬಲ ಅವನ ಕಣ್ಣು.’ ಹದಿನಾರು ವರ್ಷ ತಿರುಪ್ಪೂರ್ ಬನಿಯನ್ ಕಂಪನೀಲಿ ಬಟ್ಟೆ ಬಣ್ಣ ಪಾಸ್ ಮಾಡಿದ ಕಣ್ಣು!

ಯಾಕೆ ನಗ್ತೀಯಾ? ಗಂಡನಿಗಿಂತ ನಿನ್ನ ಇಂಗ್ಲಿಷ್ ಚೆನ್ನಾಗಿದೆ ಅಂತ ಬರೆಯೋಕೆ ಕೂರಿಸಿದ್ದು, ನಗೋಕಲ್ಲ.

ಸರಿ, ಮುಂದೆ. ದೌರ್ಬಲ್ಯ. ‘ಜೊತೆಗಾರರನ್ನ ಬೇಗ ನಂಬಿಬಿಡ್ತಾನೆ.’ ಉದಾಹರಣೆ ಅಂತ ಇದೆಯಲ್ಲ, ಅಲ್ಲಿ ನನ್ನ ಜೊತೆ ಬಟ್ಟೆ ಪಾಸ್ ಮಾಡೋ ದೀನದಯಾಳನ್ ಹೆಸರು ಹಾಕು. ‘ಹಸಿರು ಲಾಟ್‌ನಲ್ಲಿ ಕಂದು ಬಟ್ಟೆ ಪಾಸ್ ಮಾಡಿ ಕಂಪನಿ ಮಾನ ಕಳೆದ.’

ಏನು, ಪಾಪಾನಾ? ಆಯುಧಪೂಜೆ ದಿನ ಮೈಕ್ ಹಿಡಿದು ‘ಪಾರುಂಗ, ನೋಡಿ, ಪುರಂದರ ಸಾರ್ ಇಂಗ್ಲೀಷ್!’ ಅಂತ ಅಣಕಿಸಿದನಲ್ಲ, ಆವಾಗ ನಾನು ಪಾಪ ಅಲ್ವಾ? ಚೆಕಿಂಗ್ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಕನ್ನಿಯಮ್ಮಾಳ್ ಕೂಡ ನಕ್ಕಳು ಕಣೇ, ನಾನೇ ಕೆಲಸಕ್ಕೆ ಸೇರಿಸಿದವಳು! ಎರಡು ವರ್ಷ ಆದ್ರೂ ನಾನು ಅದನ್ನ ಮರೆತಿಲ್ಲ. ಈಗ ಅವನು ಸಸ್ಪೆಂಡ್ ಆಗಿ ಮನೇಲಿ ಕೂತಿದ್ದಾನೆ. ಈ ಪೇಪರ್ ಹೋದ್ರೆ ಮತ್ತೆ ಗೇಟ್ ಒಳಗೆ ಕಾಲಿಡಲ್ಲ. ಅಷ್ಟು ಸಾಕು ನಂಗೆ.

ಬರೆದ್ಯಾ? ಈಗ ಈ ಬಟ್ಟೆ ತುಂಡುಗಳು. ನಾಳೆ ಎಂಡಿ ಎದುರಿಗೆ ಯಾವುದು ಸರಿ, ಯಾವುದು ತಪ್ಪು ಅಂತ ನಾನೇ ತೋರಿಸಬೇಕು. ಯಾವಾಗಿನ ಹಾಗೆ ಮೂಲೇಲಿ ದಾರದ ಗಂಟು ಹಾಕಿಕೊಡು, ಬೆರಳಿಗೆ ಸಿಗೋ ಹಾಗೆ. ಹಸಿರಿಗೆ ಒಂದು, ಕಂದಿಗೆ ಎರಡು...

ಯಾಕೆ ಸೂಜಿ ಕೆಳಗಿಟ್ಟೆ? ಏನು ಕ್ಯಾಲೆಂಡರ್ ನೋಡೋದು?... ಹೌದು, ಆ ಲಾಟ್ ಬಂದ ವಾರ ನೀನು ಧಾರಾಪುರಂನಲ್ಲಿ ನಿಮ್ಮಮ್ಮನ ಹತ್ರ ಇದ್ದೆ. ಅದಕ್ಕೇನೀಗ?

ಹಾಗೆ ನೋಡಬೇಡ! ಲಾರಿ ಬಾಗಿಲಲ್ಲಿ ನಿಂತಿತ್ತು. ಎಲ್ಲರೂ ‘ಸಾರ್, ಸಾರ್’ ಅಂತ ನನ್ನ ಮುಖಾನೇ ನೋಡ್ತಿದ್ರು. ದೀನದಯಾಳನ್ ಊಟಕ್ಕೆ ಹೋಗಿದ್ದ... ಅವನ ಸೀಲ್ ಮೇಜಿನ ಮೇಲೇ ಇತ್ತು, ಒತ್ತಿಬಿಟ್ಟೆ...

ಬೈದುಬಿಡು, ಅದೂ ಸರಿ... ಈ ಎರಡು ತುಂಡು ಯಾಕೆ ನನ್ನ ಕೈಲಿ ಇಡ್ತಿದ್ದೀಯಾ? ಸುಶೀಲಾ, ಬೇಡ... ಎರಡೂ ಒಂದೇ ಥರ ಕಾಣುತ್ತೆ ಕಣೇ ನಂಗೆ.