ಎಣ್ಣೆಯಿಲ್ಲದ ಕ್ರೀಮು

ಕಮ್ಮನಹಳ್ಳಿಯ ಔಷಧಿ ಅಂಗಡಿಯಲ್ಲಿ ಸರದಿಗೆ ನಿಂತಿದ್ದ ಮಂಜುಳಮ್ಮನವರ ಮುಂದೆ ತಾಯಿ ಮಗಳು ವಾದಕ್ಕೆ ಬಿದ್ದಿದ್ದರು.

“ನಾಳಿ ಗಂಡಿನ ಕಡ್ಯಾರು ಬರ್ತಾರ, ರೇವತಿ. ಬೆಳ್ಳಗ ಮಾಡೋ ಕ್ರೀಮ್ ತಗೋ.”

“ಅದನ್ನ ಹಚ್ಚೇ ಮೊಡವೆ ಜಾಸ್ತಿ ಆಗಿದ್ದು, ಅವ್ವಾ. ಅಣ್ಣಾ, ಎಣ್ಣೆ ಇಲ್ಲದ ಮಾಯಿಶ್ಚರೈಸರ್ ಕೊಡಿ. ಮೊಡವೆ ಔಷಧಿಗೆ ಮುಖ ಒಣಗಿ ಉರೀತಿದೆ.”

“ಅದರಿಂದ ನಾಳಿಗೆ ಮೊಡವಿ ಹೋಗ್ತಾವೇನ?”

“ಇಲ್ಲ. ಉರಿ ಹೋಗುತ್ತೆ.”

“ಅವ್ರು ಒಲ್ಲೆ ಅಂದ್ರ?”

“ನೀನು ಕಳಿಸಿದ ಫೋಟೋದಲ್ಲಿ ಸ್ಟುಡಿಯೋದವ್ರು ಮೊಡವೆ ಎಲ್ಲಾ ಅಳಿಸಿದ್ದಾರಲ್ಲ, ಅದನ್ನೇ ಮದ್ವೆ ಆಗ್ಲಿ.”

ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

“ಹುಡುಗನ ಫೋಟೋದಾಗೂ ತಲಿಮ್ಯಾಲ ಟೊಪ್ಪಿಗಿ ಐತಿ. ನಾಳಿ ಅವನೂ ತಗೀಲಿ!”

ಮಾಯಿಶ್ಚರೈಸರ್ ಟ್ಯೂಬು ಹಿಡಿದು ಇಬ್ಬರೂ ಹೊರಟರು. ದೇವರು ಒಳ್ಳೆಯದು ಮಾಡಲಿ ಎಂದುಕೊಳ್ಳುತ್ತ ಮಂಜುಳಮ್ಮನವರು ಸರಿದು ದಾರಿ ಬಿಟ್ಟರು.