ನೂರ ಹನ್ನೆರಡನೇ ಪುಟ

ಇಂಗ್ಲೆಂಡಿನ ಲ್ಯಾಂಕಾಷೈರಿನ ನಮ್ಮೂರ ಹಳೆಯ ಪುಸ್ತಕದಂಗಡಿಯಲ್ಲಿ, ಹೆರಾಲ್ಡ್ ಆಸ್ಪತ್ರೆಯಲ್ಲಿದ್ದ ತಮ್ಮನಾದ ಅರ್ನಿಗಾಗಿ ಫುಟ್‌ಬಾಲ್ ಆಟಗಾರರ ಆತ್ಮಕಥೆ ಹುಡುಕುತ್ತಿದ್ದರು. ಜೊತೆಯಲ್ಲಿ ಗೆಳೆಯ ಸಿಡ್ ಇದ್ದರು.

“ಇದು ಹೇಗಿದೆಯೋ ಸಿಡ್?”

“ಬರೆದೋನು ಬೇರೆ ಯಾರೋ. ಆಟಗಾರ ಇನ್ನೂ ಓದೇ ಇಲ್ವಂತೆ.”

“ಇದು?”

“ಮುನ್ನೂರು ಪುಟ ಕಣೋ, ತಪ್ಪೆಲ್ಲ ರೆಫರೀದೇ.”

“ಅರ್ನಿ ನಮ್ಮೂರ ಟೀಮಿನ ಗೋಲ್‌ಕೀಪರ್ ಆಗಿದ್ದೋನು. ಸರಿಯಾಗಿರೋದು ಹೇಳೋ.”

“ಹಾಗಾದ್ರೆ ಇದು ತಗೋ. ಬರೀ ಬೊಗಳೆ, ಆದ್ರೆ ನೂರ ಹನ್ನೆರಡನೇ ಪುಟ ನಿಜ.”

“ಏನಿದೆ ಅದ್ರಲ್ಲಿ?”

“ನಾವು ಕಪ್ ಸೋತ ಗೋಲು. ‘ಚೆಂಡು ನಂದು’ ಅಂತ ಅರ್ನಿ ಕೂಗಿದ್ನಂತೆ. ಕೇಳಿಸಿದ್ರೂ ನಾನೇ ಕಾಲು ಹಾಕಿದೆ, ಚೆಂಡು ನಮ್ಮ ಗೋಲಿಗೇ ಹೋಯ್ತು ಅಂತ ಈ ಪುಸ್ತಕದ ನಮ್ಮ ಟೀಮಿನ ಡಿಫೆಂಡರ್ ಒಪ್ಕೊಂಡಿದಾನೆ.”

“ನಲವತ್ತು ವರ್ಷದಿಂದ ಊರೆಲ್ಲ ಅರ್ನೀನ ಬೈತಿದೆ!”

“ನಾನೂ ಬೈದಿದೀನಿ. ಗಟ್ಟಿಯಾಗಿ ಓದು, ವಾರ್ಡಿಗೆಲ್ಲ ಕೇಳ್ಲಿ.”

ಸಿಡ್ ತಮ್ಮ ವಾಪಸ್ ಬಸ್ ಟಿಕೆಟನ್ನೇ ಗುರುತಿಗೆ ಆ ಪುಟದಲ್ಲಿಟ್ಟರು. ಇಬ್ಬರೂ ಆಸ್ಪತ್ರೆಯ ಕಡೆಗೆ ನಡೆದೇ ಹೊರಟರು.