ಪಾಂಡಪ್ಪನ ಮೊದಲ ನೀರು

ಸುಳ್ಳು ಹೇಳಿದ್ರ ನನ್ನ ನಾಲಿಗಿ ಸೇದಿ ಹೋಗಲಿ. ನಮ್ಮ ಅಕ್ಕನ ಮಗ ಅಂಬರೀಶಗ ಆಗಿದ್ದು ಇದು... ತೆಲಂಗಾಣ ಬೇಕಂತ ಬಸ್ಸು, ಅಂಗಡಿ ಎಲ್ಲಾ ಬಂದ್ ಇದ್ದ ತಿಂಗಳು.

ಕತ್ತಲಾದ ಮ್ಯಾಲ ಅಂಬರೀಶ ಕಂಗ್ಟಿ ದಾರಿ ಬಾವಿ ದಾಟಿ ಮನಿಗೆ ನಡಕೋತ ಬರ್ಲತ್ತಿದ್ದ. ಹೆಗಲ ಮ್ಯಾಲ ಎರಡು ರಬ್ಬರ್ ಪೈಪು, ಕೈಯಾಗ ಒಂದು ನೀರಿನ ಪಂಪು. ಅವ ಕುರಿಗೆ ಸೂಜಿ ಹಾಕೋ ನೌಕರ. ಹಟ್ಟಿ ಹಟ್ಟಿ ತಿರುಗಾಕ ಒಂದು ಹಳೇ ವ್ಯಾನಿನಾಗ ಹಾಸಿಗಿ, ಒಲಿ, ನೀರಿನ ಟಾಕಿ ಎಲ್ಲಾ ಮಾಡಿಸ್ಕೊಂಡಿದ್ದ. ಆ ವ್ಯಾನಿನ ಪಂಪು ಕೆಟ್ಟಿತ್ತು, ರೇಡಿಯೇಟರ್ ಪೈಪು ಹಿಚುಕಿದ್ರ ಬರೇ ಬಿರುಕು. ಹೆಂಡತಿ ಭವಾನಿಗೆ ದಿನ ತುಂಬಿತ್ತು. ಹೊಸಾ ಸಾಮಾನು ಎಲ್ಲಿ ಸಿಗಬೇಕು? ಮಿಸ್ತ್ರಿ ಬಕ್ಕಪ್ಪ ಗುಜರಿಗೆ ಬಿದ್ದ ಇನ್ನೊಂದು ವ್ಯಾನಿಂದ ಇವನ್ನ ಬಿಚ್ಚಿ ಕೊಟ್ಟಿದ್ದ. ಅದರ ಡ್ರೈವರ್ ಪಾಂಡಪ್ಪ ಇದೇ ಬಾವಿ ಕಡೆ ಗಾಡಿ ಉರುಳಿ, "ನೀರು... ನೀರು..." ಅಂತ ಸತ್ತಿದ್ದ.

"ಸತ್ತವನ ಸಾಮಾನು," ಅಂತ ಬಕ್ಕಪ್ಪ ಪಿಸುಗುಟ್ಟಿದ್ದ. "ಮೊದಲ ನೀರು ಅವನ ಹೆಸರಿಲೆ ನೆಲಕ್ಕ ಸುರಿ. ಆಮ್ಯಾಲ ಗಾಡಿಗೆ."

ಮನಿಗೆ ಬಂದ್ರ ಭವಾನಿಗೆ ಬ್ಯಾನಿ ಸುರು ಆಗಿತ್ತು. ಅಂಬರೀಶ ಗಡಬಡಿಸಿ ಪೈಪು, ಪಂಪು ಕೂಡಿಸಿದ. ರೇಡಿಯೇಟರ್ ತುಂಬಿದ, ಟಾಕಿ ತುಂಬಿದ. "ಇಲ್ಲಿ ನನ್ನ ಹೆಂಡತಿ ಜೀವ ಹೊಂಟದ, ಈ ಬಕ್ಕಪ್ಪ ಏನು ಹಚ್ಯಾನ!" ಅಂದ. ನೆಲಕ್ಕ ಒಂದು ಹನಿ ಹಾಕಲಿಲ್ಲ, ಮಬ್ಬ!

ಭವಾನಿನ್ನ ವ್ಯಾನಿನಾಗ ಮಲಗಿಸ್ಕೊಂಡು ಹೊಂಟ, ನಾರಾಯಣಖೇಡದಾಗ ನರ್ಸ್ ಸಾಯಮ್ಮನ ಮನಿ ಮುಟ್ಟಬೇಕಿತ್ತು. ಬಾವಿ ಹತ್ರ ಬಂದಾಗ... ಇಂಜಿನ್ ಉಸ್ಸ್ ಅಂತ ನಿಂತು ಹೋತು. ರೇಡಿಯೇಟರ್ ಖಾಲಿ. ಪೈಪು ಮುಟ್ಟಿದ, ಒಣಾ. ಕೆಳಗ ನೆಲಾನೂ ಒಣಾ.

ಹಿಂದ ಪಂಪು ತಾನೇ ಸುರು ಆತು. ಟಕ್... ಟಕ್... ಟಕ್...

"ಸ್ವಿಚ್ ಬಂದ್ ಅದರೀ," ಭವಾನಿ ಪಿಸುಗುಟ್ಟಿದಳು. "ಯಾರೋ ನೀರು ಕುಡಿಲಾಕತ್ತಾರ..."

ಗುಟುಕ್. ಗುಟುಕ್. ಅಂಬರೀಶನೂ ಕೇಳಿದ. ಟಾಕಿ ಮುಚ್ಚಳ ತೆಗೆದ್ರ ತಳ ಕಾಣ್ತು.

ಬಕ್ಕಪ್ಪನ ಮಾತು ನೆನಪಾತು. ಬಕೀಟು ಹಿಡಿದು ಬಾವಿಗೆ ಓಡಿದ. ಸೇದಿದ ಮೊದಲ ಬಕೀಟು ನೆಲಕ್ಕ ಸುರಿದು ಅತ್ತುಬಿಟ್ಟ. "ತಪ್ಪಾತೋ ಪಾಂಡಪ್ಪಣ್ಣಾ... ಕುಡಿ. ನನ್ನ ಹೆಂಡತೀನ ಬಿಡೋ."

ಎರಡನೇ ಬಕೀಟು ರೇಡಿಯೇಟರಿಗೆ. ಗಾಡಿ ಸುರು ಆತು. ನಾರಾಯಣಖೇಡ ಮುಟ್ಟೋತನಕ ಎಲ್ಲೂ ನಿಲ್ಲಲಿಲ್ಲ.

ಬೆಳಕು ಹರಿಯೋದ್ರಾಗ ಹೆಣ್ಣು ಕೂಸು. ನಾ ಆಗ ಖೇಡದಾಗೇ ಇದ್ದೆ, ಓಡಿ ಹೋದೆ. ಕರೆಂಟ್ ಇಲ್ಲ, ನಳದಾಗ ನೀರಿಲ್ಲ. ಕೂಸಿಗೆ ಎರಿಯಾಕ ಏನು ಮಾಡೋದು ಅಂತ ವ್ಯಾನಿನ ಟಾಕಿ ನೋಡ್ದೆ.

ಅಂಬರೀಶ ಸೇದಿದ್ದು ಎರಡೇ ಬಕೀಟು, ಆಣಿ ಮಾಡಿ ಹೇಳ್ತಾನ. ಟಾಕಿಗೆ ಒಂದು ಹನಿ ಹಾಕಿಲ್ಲ. ಆದ್ರ ಟಾಕಿ ಕಂಠಮಟ ತುಂಬಿತ್ತು... ಕೊಡದಾಗ ಹಿಡಿದು ಕೂಸಿಗೆ ಎರೆದಾಕಿ ನಾನೇ.